ಕಾಕಾನ ಎಡಗೈ

ಬ್ಲೇಡು ಕೆಳಗಿಳಿಸಿ ಕ್ಲಚ್ಚು ಬಿಟ್ಟೆ. ಆಲಿಕಲ್ಲಿನ ರಾಶಿ ಕರಕರ ಸದ್ದು ಮಾಡುತ್ತ ಮುಂದಕ್ಕೆ ಜಾರಿತು. ಹತ್ತು ಮಾರು ಹೋಗುವಷ್ಟರಲ್ಲಿ ಬ್ಲೇಡಿನ ಮೂಲೆಗೆ ಗುಲ್‌ಮೊಹರಿನ ಕೊಂಬೆ ಸಿಕ್ಕಿಕೊಂಡಿತು. ಟ್ರ್ಯಾಕ್ಟರ್ ನಿಂತಿತು.

"ಅರೇ, ಹಾಥ್ ಸೇ ನಿಕಾಲ್ ನಾ!" ಎಂದು ವಾಚ್‌ಮನ್ ಬೇಸ್‌ಮೆಂಟಿನ ಬಾಯಲ್ಲಿ ನಿಂತು ಕೂಗಿದ, ಕೈಯಿಂದ ತೆಗೆ ಅಂತ.

ಎಂಜಿನ್ ಬಂದ್ ಮಾಡಿ ಇಳಿದೆ. ಎಡಗೈಯನ್ನು ಆಲಿಕಲ್ಲಿನೊಳಗೆ ತೂರಿಸಿ ಕೊಂಬೆ ಹುಡುಕಿದೆ. ಅರ್ಧ ನಿಮಿಷ ಆಗಿರಬಹುದು, ಜಾಸ್ತಿ ಇಲ್ಲ. ಕೈ ಹೊರಗೆ ತೆಗೆದಾಗ ಕಿರುಬೆರಳಿನ ಕಡೆಯ ಮೂರು ಬೆರಳು ನನ್ನವಲ್ಲ ಅನ್ನಿಸಿತು. ಬಿಳಿಚಿಕೊಂಡಿದ್ದವು. ಬಲಗೈಯಿಂದ ಹಿಡಿದು ನೋಡಿದೆ. ಬೇರೆ ಯಾರದೋ ಕೈ ಹಿಡಿದ ಹಾಗಿತ್ತು.

ಈ ಕೈಯನ್ನು ನಾನು ಮೊದಲೇ ಒಮ್ಮೆ ಹಿಡಿದಿದ್ದೇನಲ್ಲ ಅನ್ನಿಸಿತು... ಕಾಕಾ ನೆನಪಾದರು.

ಪುಣೆಯಲ್ಲಿ, ಮಗರಪಟ್ಟಾದ ಕಟ್ಟಡಗಳು ಕಾಣುವಷ್ಟು ಹತ್ತಿರದ ಒಂದು ವಸತಿ ಸೊಸೈಟಿಯಲ್ಲಿ ನಾನು ತೋಟದ ಸಣ್ಣ ಟ್ರ್ಯಾಕ್ಟರ್ ಓಡಿಸುತ್ತೇನೆ. ಹುಲ್ಲು ಕತ್ತರಿಸುವುದು, ಉದುರಿದ ಎಲೆ ನೂಕುವುದು, ಇಷ್ಟೇ ಕೆಲಸ. ಆಲಿಕಲ್ಲು ನೂಕಿದ್ದು ಅವತ್ತೇ ಮೊದಲು. ಅವತ್ತಿನಿಂದ ನಾಲ್ಕು ದಿನ ಕಾಕಾನ ಕೈ ತಲೆಯಿಂದ ಹೋಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಭೋಸರಿಯಲ್ಲಿ ಏಳನೇ ತರಗತಿಯವರೆಗೆ ಕನ್ನಡ ಶಾಲೆಗೆ ಹೋದವನು ನಾನು. ನೆಟ್ಟಗೆ ಏನಾಯಿತೋ ಅದನ್ನೇ ಬರೆಯುತ್ತೇನೆ.

ಈ ಕೆಲಸಕ್ಕೆ ಬರುವ ಮೊದಲು ನಾನು ಭೋಸರಿಯ ಒಂದು ಸಣ್ಣ ಕಾರ್ಖಾನೆಯ ಶೆಡ್ಡಿನಲ್ಲಿ ವೆಲ್ಡರ್. ಕಾಕಾ ಅಲ್ಲಿ ಫಿಟ್ಟರ್. ನನಗೆ ಸಂಬಂಧಿಯಲ್ಲ. ಅಥಣಿ ಕಡೆಯಿಂದ ಬಂದವರು, ಇಡೀ ಶೆಡ್ಡಿಗೇ ಕಾಕಾ. ಮರಾಠಿಯವರೂ ಹಾಗೇ ಕರೆಯುತ್ತಿದ್ದರು. ಕುಳ್ಳ ಆಳು, ದಪ್ಪ ಕುತ್ತಿಗೆ, ಕಿವಿಯ ಸಂದಿಯಲ್ಲಿ ಯಾವಾಗಲೂ ಒಂದು ಸೀಮೆಸುಣ್ಣದ ತುಂಡು. ಅವರು ಕೂರಿಸಿದ ಬೇರಿಂಗು ಅಲುಗಾಡುತ್ತಿರಲಿಲ್ಲ. ಅವರು ಬಿಗಿದ ನಟ್ಟು ಬಿಚ್ಚಬೇಕಾದರೆ ಅವರನ್ನೇ ಕರೆಯಬೇಕಿತ್ತು. ಅದರ ಬಗ್ಗೆ ಅವರಿಗೆ ಸೊಕ್ಕೂ ಇತ್ತು. ಬೇರೆ ಶೆಡ್ಡಿನಿಂದ ಬಂದ ಮಾಲನ್ನು ಕಾಲಿನಿಂದ ತಟ್ಟಿ ನೋಡಿ, "ಇದನ್ನ ಬೆಸಗಿ ಹಾಕ್ಯಾರೋ, ಉಗುಳು ಹಚ್ಚಿ ಅಂಟಿಸ್ಯಾರೋ?" ಎನ್ನುತ್ತಿದ್ದರು.

ಒಂದು ವರ್ಷ ಶೆಡ್ಡಿಗೆ ಹೊಸ ಕೆಲಸ ಬಂತು. ಹೊರದೇಶಕ್ಕೆ ಹೋಗುವ ಸಣ್ಣ ಟ್ರ್ಯಾಕ್ಟರಿನ ಮುಂದೆ ಕೂರಿಸುವ ಯಂತ್ರ. ಹಿಮ ಬಿದ್ದಾಗ ಅದನ್ನು ಕೊರೆದು ದೂರ ಎಸೆಯುತ್ತದಂತೆ. ಒಂದು ಅಗಲವಾದ ತಗಡಿನ ಬಾಯಿ, ಅದರೊಳಗೆ ಅಡ್ಡಕ್ಕೆ ತಿರುಗುವ ಸುರುಳಿ ಅಲಗು, ಮೇಲೆ ಹಿಮ ಉಗುಳುವ ಕೊಳವೆ. ಸುರುಳಿಗೆ ನಾವು ಚಕ್ಕುಲಿ ಎಂದು ಹೆಸರಿಟ್ಟೆವು, ಕೊಳವೆಗೆ ಸೊಂಡಿಲು. ಶೆಡ್ಡಿನಲ್ಲಿ ಯಾರೂ ಹಿಮ ನೋಡಿದವರಲ್ಲ. ಆಫೀಸಿನ ಸಾಹೇಬರೂ ನೋಡಿರಲಿಲ್ಲ.

"ಬರಫ ಅಂದ್ರ ಏನ್ ಮಹಾ?" ಎಂದರು ಕಾಕಾ. "ಶಾಲಿ ಮುಂದ ಕಡ್ಡಿಗೆ ಹಚ್ಚಿ ಗೋಲಾ ಮಾರ್ತಾರಲ್ಲ, ಅದ. ಅದನ್ನ ಒಗ್ಯಾಕ ಇಷ್ಟ್ ದೊಡ್ಡ ಮಷೀನ ಬೇಕಾತೇನು ಈ ಮಕ್ಕಳಿಗೆ?"

"ಊರ ತುಂಬ ಬೀಳ್ತದಂತ್ರೀ ಕಾಕಾ."

"ಬಿದ್ರ ಬೀಳಲಿ. ಬಿಸಲಿಗೆ ಕರಗತದ. ಸುಮ್ನ ಮನಿಯಾಗ ಕೂಡಬೇಕು."

ಯಂತ್ರ ಸಿದ್ಧವಾದ ಮೇಲೆ ಓಡಿಸಿ ನೋಡಲು ಹಿಮ ಬೇಕಲ್ಲ. ಬಾರಾಮತಿ ಕಡೆಯ ಸಕ್ಕರೆ ಕಾರ್ಖಾನೆಯಿಂದ ಒಂದು ಲಾರಿ ಕಬ್ಬಿನ ಸಿಪ್ಪೆ ತರಿಸಿದರು. ರಸ ಹಿಂಡಿ ಬಿಟ್ಟ ಬಿಳಿ ಸಿಪ್ಪೆ. ಅಂಗಳದಲ್ಲಿ ಮೊಣಕಾಲೆತ್ತರ ಹರಡಿ, ಪೈಪಿನಿಂದ ನೀರು ಹೊಡೆದು, ತುಳಿದು ಗಟ್ಟಿ ಮಾಡಿದೆವು. ಅದೇ ನಮ್ಮ ಹಿಮ. ಹುಳಿ ವಾಸನೆ, ಮೇಲೆ ನೊಣ.

ಕಾಕಾ ಟ್ರ್ಯಾಕ್ಟರ್ ಹತ್ತಿ ಯಂತ್ರ ನುಗ್ಗಿಸಿದರು. ಐದು ಅಡಿ ಹೋಯಿತು. ಟಕ್ ಅಂತ ಸದ್ದಾಗಿ ಚಕ್ಕುಲಿ ನಿಂತಿತು. ಚಕ್ಕುಲಿಯನ್ನು ಅದರ ದಂಡಕ್ಕೆ ಹಿಡಿದಿಟ್ಟ ಬೋಲ್ಟು ಎರಡು ತುಂಡಾಗಿತ್ತು. ಹೊಸ ಬೋಲ್ಟು ಹಾಕಿದೆವು. ಮತ್ತೆ ಟಕ್. ಅವತ್ತು ಮಧ್ಯಾಹ್ನದೊಳಗೆ ಆರು ಬೋಲ್ಟು ಮುರಿದವು.

ಕಾಕಾ ಮುರಿದ ತುಂಡನ್ನು ಅರದಿಂದ ಉಜ್ಜಿ ನೋಡಿದರು. "ಬೆಣ್ಣಿ ಅದ ಲೇ ಇದು. ಬರೇ ಬೆಣ್ಣಿ. ಇಂಥಾ ಬೋಲ್ಟ ಹಾಕಿ ಕಳಿಸಿದ್ರ ಅವರು ನಮ್ಮ ಮಾರಿಗೆ ಉಗುಳ್ತಾರ."

ಡ್ರಾಯಿಂಗಿನಲ್ಲಿ ಆ ಬೋಲ್ಟಿನ ಪಕ್ಕ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಕಾಕಾಗೆ ಓದಲು ಬರುತ್ತಿರಲಿಲ್ಲ. ನನಗೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ಆಫೀಸಿಗೆ ಹೋಗಿ ಕೇಳಬಹುದಿತ್ತು. ಮೂವತ್ತು ಹೆಜ್ಜೆ ದೂರ. ಕಾಕಾ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ಲಾರಿಯ ಕೆಲಸಕ್ಕೆ ಬಳಸುವ ಗಟ್ಟಿ ಉಕ್ಕಿನ ಬೋಲ್ಟು ತೆಗೆದು ಕೊಟ್ಟರು, ನಾನು ಬಿಗಿದೆ. ಯಂತ್ರ ಸಿಪ್ಪೆಯ ರಾಶಿಯನ್ನು ಒಂದೇ ಉಸಿರಿಗೆ ತಿಂದು ಗೋಡೆಯಾಚೆ ಉಗುಳಿತು. ಎಲ್ಲರೂ ಸಿಳ್ಳೆ ಹಾಕಿದರು. ಕಾಕಾ ಸೀಟಿನ ಮೇಲೆ ಎದ್ದು ನಿಂತು ಎರಡೂ ಕೈ ಎತ್ತಿ ಎಲ್ಲರಿಗೂ ನಮಸ್ಕಾರ ಮಾಡಿದರು, ನಾಟಕದವರ ಹಾಗೆ.

ಆ ಸಲ ಹೋದ ಎಲ್ಲಾ ಯಂತ್ರಕ್ಕೂ ಗಟ್ಟಿ ಬೋಲ್ಟನ್ನೇ ಹಾಕಿದೆವು. ಯಾರೂ ಹೇಳಿರಲಿಲ್ಲ. ಒಳ್ಳೆಯ ಕೆಲಸ ಮಾಡುತ್ತಿದ್ದೇವೆ ಅಂತಲೇ ಹಾಕಿದೆವು.

ಮುಂದಿನ ಏಪ್ರಿಲ್‌ನಲ್ಲಿ ಒಂದು ಯಂತ್ರ ವಾಪಸ್ ಬಂತು. ಮರದ ಪೆಟ್ಟಿಗೆಯಲ್ಲಿ, ಹಡಗಿನಲ್ಲಿ. ಸುಡು ಬಿಸಿಲು, ತಗಡಿನ ಮಾಡು ಕಾದು ಹಂಚಾಗಿತ್ತು. ಪೆಟ್ಟಿಗೆ ಒಡೆದಾಗ ಒಳಗಿನಿಂದ ಬಂದ ಗಾಳಿ ತಣ್ಣಗಿತ್ತು. ಇದನ್ನು ಬರೆದರೆ ಜನ ನಗುತ್ತಾರೆ, ಗೊತ್ತು. ನಾನು ಅಲ್ಲೇ ಇದ್ದೆ. ತಣ್ಣಗಿತ್ತು.

ಆಫೀಸಿನ ಸಾಹೇಬರು ಬಂದು ಕಾಗದ ಓದಿ ಮರಾಠಿಯಲ್ಲಿ ಹೇಳಿದರು. ಬೋಲ್ಟು ತಪ್ಪು. ಅದು ಮೆತ್ತಗೇ ಇರಬೇಕು. ಕಲ್ಲೋ ಕೊಂಬೆಯೋ ಸಿಕ್ಕರೆ ಮೊದಲು ಅದೇ ಮುರಿಯಬೇಕು, ಆಗ ಯಂತ್ರ ಉಳಿಯುತ್ತದೆ. ಇಲ್ಲಿ ಬೋಲ್ಟು ಮುರಿದಿಲ್ಲ, ಹಿಂದಿನ ಗೇರ್‌ಬಾಕ್ಸು ಒಡೆದಿದೆ. ಉಳಿದ ಎಲ್ಲಾ ಯಂತ್ರಗಳಿಗೂ ಮೆತ್ತನೆ ಬೋಲ್ಟು ಕಳಿಸಬೇಕು. ಇಷ್ಟು ಹೇಳಿ ಅವರು ಹೋದರು. ಬೈಯಲೂ ಇಲ್ಲ.

ಕಾಕಾ ಕೂತು ಯಂತ್ರ ಬಿಚ್ಚತೊಡಗಿದರು. ಚಕ್ಕುಲಿಯ ಹಿಂದೆ, ತಗಡಿಗೂ ಅಲಗಿಗೂ ನಡುವೆ ಏನೋ ಸಿಕ್ಕಿಕೊಂಡಿತ್ತು. ಇಕ್ಕಳದಿಂದ ಎಳೆದರು. ಒಂದು ಕೈಗವಸು. ಕಂದು ಚರ್ಮ, ಒಳಗೆ ಉಣ್ಣೆ. ಎಡಗೈಯದು. ಕಿರುಬೆರಳಿನ ಕಡೆಯ ಮೂರು ಬೆರಳು ಹರಿದು ಚಿಂದಿಯಾಗಿದ್ದವು.

ಆಚೆ ಶೆಡ್ಡಿನ ಪ್ರೆಸ್ ಮಷೀನು ಧಡ್ ಧಡ್ ಎನ್ನುತ್ತಿತ್ತು.

ಕಾಕಾ ಅದನ್ನು ಬಿಸಿಲಿಗೆ ಹಿಡಿದರು. ಒಳಮಗ್ಗುಲು ತಿರುಗಿಸಿ ನೋಡಿದರು. ಮೂಸಿದರು. ಏನೂ ಗೊತ್ತಾಗಲಿಲ್ಲ. ಕಲೆ ಇತ್ತು, ಗ್ರೀಸೂ ಇರಬಹುದು, ಮತ್ತೊಂದೂ ಇರಬಹುದು.

"ಇದರಾಗಿನ ಕೈ ಏನಾತು?" ಎಂದು ಕೇಳಿದರು.

ಯಾರಿಗೆ ಗೊತ್ತು? ಕಾಕಾ ಆಫೀಸಿಗೆ ಹೋಗಿ ಕೇಳಿದರು. ಕಾಗದದಲ್ಲಿ ಗವಸಿನ ಸುದ್ದಿಯೇ ಇಲ್ಲ ಎಂದರು ಸಾಹೇಬರು. ಬರೆದು ಕೇಳಿರಿ ಎಂದರು ಕಾಕಾ. ಇಂಥದ್ದನ್ನೆಲ್ಲ ನಾವೇ ಎತ್ತಬಾರದು, ಎತ್ತಿದರೆ ಕೋರ್ಟು ಗೀರ್ಟು ಆಗುತ್ತದೆ, ಹೋಗಿ ಕೆಲಸ ನೋಡಿ ಎಂದರು ಸಾಹೇಬರು.

ಅಲ್ಲಿಂದ ಕಾಕಾಗೆ ಅದೊಂದೇ ಮಾತು. ಚಹಾ ಕುಡಿಯುವಾಗ, ಡಬ್ಬಿ ಬಿಚ್ಚುವಾಗ, ಬಸ್ ಸ್ಟಾಪಿನಲ್ಲಿ. ಏನಾಗಿರಬೇಕು? ಎಂಜಿನ್ ಚಾಲೂ ಇದ್ದಾಗ ಕೈ ಹಾಕಿರಬೇಕೇನು? ಬೋಲ್ಟು ಮೆತ್ತಗಿದ್ದಿದ್ದರೆ ಚಕ್ಕುಲಿ ಅಲ್ಲೇ ನಿಲ್ಲುತ್ತಿತ್ತೇನು? ಒಂದು ದಿನ ಆ ಗವಸಿನೊಳಗೆ ಹಸಿ ಬಿದಿರಿನ ಕಡ್ಡಿ ತುಂಬಿ, ಓಡುತ್ತಿದ್ದ ಯಂತ್ರಕ್ಕೆ ಕೊಟ್ಟು ನೋಡಲು ಹೊರಟರು. ಇನ್ನೊಬ್ಬ ಫಿಟ್ಟರ್ ಕೈ ಹಿಡಿದು ನಿಲ್ಲಿಸಿದ. ಎಲ್ಲರಿಗೂ ಕಿರಿಕಿರಿಯಾಗಿತ್ತು. ನನಗೆ ಜಾಸ್ತಿ, ಏಕೆಂದರೆ ಅವರ ಪಕ್ಕದ ಬೆಂಚು ನನ್ನದು. ಆ ಬೋಲ್ಟು ಬಿಗಿದ ಕೈಯೂ ನನ್ನದೇ.

ಮೇ ತಿಂಗಳ ಒಂದು ಮಧ್ಯಾಹ್ನ ಮತ್ತೆ ಶುರು ಮಾಡಿದರು. ನಾನು ರಾಡು ಕೆಳಗೆಸೆದೆ.

"ಹೋಗಿರಬೇಕ್ರಿ ಕಾಕಾ! ಕೈ ಹೋಗಿರಬೇಕು. ನೀವು ಬೋಲ್ಟ್ ಕೊಟ್ರಿ, ನಾ ಬಿಗದೆ, ಅಂವನ ಬೆರಳು ಹೋದ್ವು. ಮುಗೀತಿಲ್ಲೋ? ನಿಮ್ಮವು ಹತ್ತೂ ಅದಾವಲ್ಲ, ಕೆಲಸಾ ಮಾಡ್ರಿ."

ಅವರು ನನ್ನನ್ನು ನೋಡಿದರು. ಕೋಪ ಇರಲಿಲ್ಲ. ದಾರಿ ಕೇಳಿದವನಿಗೆ ಯಾರೋ ದಾರಿ ತೋರಿಸಿದ ಹಾಗೆ ಮುಖ ಮಾಡಿಕೊಂಡು, "ಹಂ" ಎಂದರು. ಆಮೇಲೆ ಆ ಮಾತು ಎತ್ತಲಿಲ್ಲ.

ಮರುದಿನ ಎಡಗೈ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಬಂದರು.

ಪುಣೆಯ ಮೇ ತಿಂಗಳು. ನಾವು ಬನಿಯನ್ನಿನಲ್ಲಿ ಕೆಲಸ ಮಾಡುತ್ತಿದ್ದೆವು. ಕಾಕಾ ಎಡಗೈ ಹೊರಗೆ ತೆಗೆಯುತ್ತಿರಲಿಲ್ಲ. ಸ್ಪ್ಯಾನರ್ ಹಿಡಿಯುವುದು, ನಟ್ಟು ತಿರುಗಿಸುವುದು, ರೊಟ್ಟಿ ಮುರಿಯುವುದು ಎಲ್ಲ ಬಲಗೈ ಒಂದರಿಂದಲೇ. ಬೋಲ್ಟನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಬಲಗೈಯಿಂದ ನಟ್ಟು ಏರಿಸುತ್ತಿದ್ದರು. ಏನಾಯಿತೆಂದು ಕೇಳಿದರೆ, "ಜೋಮು ಹಿಡದದ" ಎನ್ನುತ್ತಿದ್ದರು. ಹುಡುಗರು ತಮಾಷೆ ಮಾಡಿದರು. "ಕಾಕಾ, ಜೇಬಿನ್ಯಾಗ ಏನ್ ಬಚ್ಚಿಟ್ಟೀರಿ? ಕಾಕೂಗ ತೋರಸೀರಿಲ್ಲೋ?" ಅವರು ನಗಲಿಲ್ಲ. ಮೊದಲಾಗಿದ್ದರೆ ಅಂಥ ಮಾತಿಗೆ ಹತ್ತು ಮಾತು ಕೊಡುತ್ತಿದ್ದರು.

ಒಂದು ವಾರಕ್ಕೆ ಎಡಗೈಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಬಂದರು. ಡಾಕ್ಟರ್ ಮುಟ್ಟಿ, ಚುಚ್ಚಿ ನೋಡಿ, ರಕ್ತ ಸರಿಯಾಗಿ ಓಡುತ್ತಿಲ್ಲ ಎಂದು ಗುಳಿಗೆ ಕೊಟ್ಟಿದ್ದನಂತೆ. ಅವರ ಹೆಂಡತಿ ಕಾಕೂ ದಿನಾ ಬೆಳಿಗ್ಗೆ ಎಳ್ಳೆಣ್ಣೆ ಕಾಸಿ ತಿಕ್ಕುತ್ತಿದ್ದರು. "ಎಣ್ಣಿ ಕೈಗೆ ಬಿದ್ದ ಕೂಡ್ಲೆ ಆರತದಪಾ" ಎಂದು ಒಮ್ಮೆ ಅವರೇ ನನಗೆ ಹೇಳಿದರು. "ನನ್ನ ಕೈ ಸುಡತದ, ಅವರಿಗೆ ತಾಗೂದ ಇಲ್ಲ."

ಇನ್ನೊಂದು ವಿಷಯ. ಬಸ್ ಸ್ಟಾಪಿನಿಂದ ಶೆಡ್ಡಿಗೆ ಬರುವ ದಾರಿಯಲ್ಲಿ ಒಂದು ಖಾಲಿ ಪ್ಲಾಟು ಇತ್ತು. ಅದಕ್ಕೆ ಮುಳ್ಳು ತಂತಿಯ ಬೇಲಿ. ಒಂದು ಬೆಳಿಗ್ಗೆ ನಾನು ಸೈಕಲ್ಲಿನಲ್ಲಿ ಬರುತ್ತಿದ್ದೆ. ಕಾಕಾ ಮುಂದೆ ನಡೆಯುತ್ತಿದ್ದರು. ಜೇಬಿನಿಂದ ಎಡಗೈ ತೆಗೆದು ಬೇಲಿಯ ತಂತಿ ಹಿಡಿದಿದ್ದರು. ಒಂದು ಹೆಜ್ಜೆ ಇಡುವುದು, ಕೈ ಜಾರಿಸುವುದು, ಮುಳ್ಳು ಬಂದರೆ ದಾಟಿಸಿ ಮತ್ತೆ ಹಿಡಿಯುವುದು. ತಲೆ ತಗ್ಗಿಸಿದ್ದರು, ಎದುರುಗಾಳಿಗೆ ನಡೆಯುವವರ ಹಾಗೆ. ಗಾಳಿ ಇರಲೇ ಇಲ್ಲ. ಎಲೆ ಅಲುಗಾಡುತ್ತಿರಲಿಲ್ಲ.

ಪಕ್ಕಕ್ಕೆ ಹೋಗಿ ನೋಡಿದೆ. ಕಣ್ಣು ಮುಚ್ಚಿದ್ದರು.

"ಏನ್ರಿ ಕಾಕಾ, ಕಣ್ಣ ಹೋದ್ವೇನು?"

ಬೆಚ್ಚಿ ಬಿದ್ದು ಕಣ್ಣು ತೆರೆದರು. ಆದರೆ ತಂತಿ ಬಿಡಲಿಲ್ಲ. "ಬಿಟ್ರ ದಾರಿ ತಪ್ಪತದ ಅನಸ್ತದೋ ತಮ್ಮಾ" ಎಂದರು.

"ಮೂವತ್ತು ವರ್ಷ ಇದ ದಾರಿಗೆ ಬಂದೀರಿ."

"ಹೌದು... ಏನೂ ಕಾಣವಲ್ದು, ಬರೇ ಬೆಳ್ಳಗ."

ನಾನು ಪೆಡಲ್ ತುಳಿದು ಮುಂದೆ ಹೋದೆ. ಹೆದರಿಕೆಯಾಗಿತ್ತು. ಯಾರಿಗೂ ಹೇಳಲಿಲ್ಲ. ಆಮೇಲೂ ಎರಡು ಮೂರು ಸಲ ನೋಡಿದೆ, ಅದೇ ಬೇಲಿ, ಅದೇ ನಡಿಗೆ. ನಾನು ಬೇರೆ ದಾರಿ ಹಿಡಿದೆ.

ಆಷಾಢ ಏಕಾದಶಿ ಯಾತ್ರೆಯ ಪಾಲಖಿ ಪುಣೆಗೆ ಬಂದ ವಾರ ಹೊರದೇಶದ ಕಂಪನಿಯಿಂದ ಒಬ್ಬ ಗೋರಾ, ಬಿಳಿಯ ಮನುಷ್ಯ, ಬಂದ. ಹೊಸ ಮಾಲು ನೋಡಿ ಒಪ್ಪಿಗೆ ಕೊಡುವವನು. ರಸ್ತೆಯೆಲ್ಲ ವಾರಕರಿ ಯಾತ್ರಿಕರಿಂದ ತುಂಬಿ ಅವನ ಗಾಡಿ ಎರಡು ತಾಸು ತಡವಾಯಿತು. ಆರಡಿ ಆಳು, ಕೆಂಪು ಮುಖ, ಹಣೆಯ ಮೇಲೆ ಯಾರೋ ಹಚ್ಚಿದ ಬುಕ್ಕಾದ ಕಪ್ಪು ಪುಡಿ. ಒಳ್ಳೆಯ ಮನುಷ್ಯ. ಎಲ್ಲರ ಕೈ ಕುಲುಕುತ್ತ ಬಂದ. ಆಫೀಸಿನ ಸಾಹೇಬರು ಜೊತೆಗೆ, ಅವನ ಇಂಗ್ಲಿಷನ್ನು ನಮಗೆ ಮರಾಠಿಯಲ್ಲಿ ಹೇಳುತ್ತ.

ಕಾಕಾನ ಬಲಗೈ ಕುಲುಕಿದ. ಮಫ್ಲರ್ ಸುತ್ತಿದ ಎಡಗೈ ಕಂಡು ಏನೋ ಕೇಳಿದ. ಯಂತ್ರದಿಂದ ಗಾಯವಾಯಿತೇ ಎಂದು ಇರಬೇಕು. ಇಲ್ಲ ಇಲ್ಲ ಎಂದು ಸಾಹೇಬರು ತಲೆ ಅಲ್ಲಾಡಿಸಿದರು. ಅವನು ಬಿಡಲಿಲ್ಲ, ತೋರಿಸು ಎಂದು ಕೈಸನ್ನೆ ಮಾಡಿದ.

ಕಾಕಾ ಮಫ್ಲರ್ ಬಿಚ್ಚಿದರು. ತಿಂಗಳ ಮೇಲಾಯಿತು, ನಾವೂ ಆ ಕೈಯನ್ನು ಹತ್ತಿರದಿಂದ ನೋಡಿರಲಿಲ್ಲ. ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಮೂರೂ ಮೇಣದಬತ್ತಿಯ ಬಣ್ಣ. ಉಗುರಿನ ಸುತ್ತ ಕಪ್ಪು ಹತ್ತಿತ್ತು. ಉಳಿದೆರಡು ಬೆರಳು ಸರಿ ಇದ್ದವು.

ಗೋರಾನ ಮುಖ ಬದಲಾಯಿತು. ಕೈಯನ್ನು ಮೆಲ್ಲಗೆ ಹಿಡಿದ, ತುದಿ ಒತ್ತಿದ, ತಿರುಗಿಸಿ ನೋಡಿದ. ಆಮೇಲೆ ಕಾಕಾನ ಕಣ್ಣಲ್ಲಿ ಕಣ್ಣಿಟ್ಟು ಒಂದು ಪ್ರಶ್ನೆ ಕೇಳಿದ.

ಸಾಹೇಬರು ನಕ್ಕುಬಿಟ್ಟರು. "ಕಾಕಾ, ಹಾ ವಿಚಾರತೋಯ್, ಬರ್ಫಾತ ಕಿತೀ ವೇಳ ಹೋತಾತ?" ಎಂದರು.

ಹಿಮದಲ್ಲಿ ಎಷ್ಟು ಹೊತ್ತು ಇದ್ದಿ? ಅದು ಅವನ ಪ್ರಶ್ನೆ. ಶೆಡ್ಡೇ ನಕ್ಕಿತು. ಗೋರಾ ನಗಲಿಲ್ಲ. ಅವನು ಮತ್ತೆ ಹೇಳಿದ, ಸಾಹೇಬರು ನಗು ನಿಲ್ಲಿಸಿ ಹೇಳಿದರು. ತನ್ನ ಊರಿನಲ್ಲಿ ಇಂಥ ಬೆರಳು ಪ್ರತಿ ಚಳಿಗಾಲ ನೋಡುತ್ತಾನಂತೆ. ಇದು ಹಿಮ ತಿಂದ ಬೆರಳು. ಬೇರೆ ಯಾವುದರಿಂದಲೂ ಹೀಗಾಗುವುದಿಲ್ಲ.

"ಅಥಣಿ, ಭೋಸರಿ ಬಿಟ್ಟು ನಾ ಎಲ್ಲೂ ಹೋಗಿಲ್ಲ" ಎಂದು ಕಾಕಾ ಕನ್ನಡದಲ್ಲೇ ಹೇಳಿದರು. ಆಮೇಲೆ ತಮ್ಮ ಪೆಟ್ಟಿಗೆಯ ಹತ್ತಿರ ಹೋಗಿ ಆ ಗವಸು ತಂದು ಗೋರಾನ ಕೈಗೆ ಕೊಟ್ಟರು. ಸಾಹೇಬರು ತಡೆಯುವಷ್ಟರಲ್ಲಿ ಕೊಟ್ಟಾಗಿತ್ತು. "ವಿಚಾರಾ ತ್ಯಾಲಾ" ಎಂದರು ಮರಾಠಿಯಲ್ಲಿ. ಕೇಳಿರಿ ಅವನಿಗೆ. "ಹಾ ಕೋಣಾಚಾ?" ಇದು ಯಾರದು?

ಗೋರಾ ಗವಸು ನೋಡಿ ತಟ್ಟನೆ ಗುರುತು ಹಿಡಿದ. ಆ ಗಿರಾಕಿಯ ಮನೆಗೆ ಹೋಗಿ ಯಂತ್ರ ವಾಪಸ್ ತಂದವನು ಅವನೇ ಅಂತೆ. ತುಂಡು ತುಂಡಾಗಿ ಹೇಳಿದ. ಸಾಹೇಬರು ಒಲ್ಲದ ಮನಸ್ಸಿನಿಂದ ಮರಾಠಿ ಮಾಡಿದರು.

ಒಬ್ಬ ರೈತ. ಮನೆ ಒಂದು ಕಡೆ, ದೊಡ್ಡ ರಸ್ತೆ ಬಹಳ ದೂರ. ನಡುವಿನ ದಾರಿಯ ಹಿಮ ತೆಗೆಯಲು ಹೊರಟಿದ್ದ. ಅರ್ಧ ದಾರಿಯಲ್ಲಿ ಚಕ್ಕುಲಿಗೆ ಕೊಂಬೆ ಸಿಕ್ಕಿತು. ಬೋಲ್ಟು ಮುರಿಯಲಿಲ್ಲ, ಗೇರ್‌ಬಾಕ್ಸು ಒಡೆಯಿತು. ಅವನು ಎಂಜಿನ್ ಬಂದ್ ಮಾಡಿ ಕೈ ಹಾಕಿ ಕೊಂಬೆ ಎಳೆದ. ಬಿಗಿದು ನಿಂತಿದ್ದ ಚಕ್ಕುಲಿ ಒಮ್ಮೆ ಅರ್ಧ ಸುತ್ತು ತಿರುಗಿ ಗವಸು ಹಿಡಿಯಿತು. ಕೈ ಜಾರಿ ಹೊರಗೆ ಬಂತು. ಒಂದು ಗೀರೂ ಇಲ್ಲ.

"ಕತ್ತರಿಸಲಿಲ್ಲ?" ಎಂದರು ಕಾಕಾ.

ಇಲ್ಲ. ಕತ್ತರಿಸಲಿಲ್ಲ.

ಕಾಕಾ ಉಸಿರು ಬಿಟ್ಟರು. ನಾನೂ ಬಿಟ್ಟೆ. ಆದರೆ ಗೋರಾ ಇನ್ನೂ ಹೇಳುತ್ತಿದ್ದ.

ಟ್ರ್ಯಾಕ್ಟರನ್ನು ಇಟ್ಟಲ್ಲಿಂದ ಅಲುಗಿಸಲಾಗಲಿಲ್ಲ. ಅಷ್ಟರಲ್ಲಿ ಗಾಳಿ ಎದ್ದಿತು. ಹಿಮ ಹಾರಿ ಮುಂದಿನ ಮಾರು ದಾರಿ ಕಾಣದು, ಎಲ್ಲ ಬೆಳ್ಳಗೆ. ಅವನು ನಡೆದು ಮನೆಗೆ ಹೊರಟ. ದಾರಿ ತಪ್ಪಿದರೆ ಸಾವೇ. ಅದಕ್ಕೆ ಹೊಲದ ತಂತಿ ಬೇಲಿ ಹಿಡಿದುಕೊಂಡು ಹೋದ. ಬೇಲಿ ಇದ್ದದ್ದು ಎಡಗಡೆ. ಎಡಗೈಗೆ ಗವಸಿಲ್ಲ. ಮನೆ ಮುಟ್ಟುವವರೆಗೆ ಬಿಡಲಿಲ್ಲ. ಮುಟ್ಟಿದ, ಬದುಕಿದ. ತಂತಿ ಹಿಡಿದ ಮೂರು ಬೆರಳು ಉಳಿಯಲಿಲ್ಲ.

ವೆಲ್ಡಿಂಗ್ ಟೇಬಲ್ ಹಿಡಿದುಕೊಂಡೆ. ಕಾಕಾನ ಬೇಲಿಯ ವಿಷಯ ಆ ಶೆಡ್ಡಿನಲ್ಲಿ ನನಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಗೋರಾನ ಮಾತು ಕೇಳುವುದಕ್ಕಿಂತ ತಿಂಗಳು ಮೊದಲೇ ನಾನದನ್ನು ನೋಡಿದ್ದೆ. ನಾನು ಮೇ ತಿಂಗಳಲ್ಲಿ ಹೇಳಿದ ಮಾತಿನಲ್ಲಿ ಬೇಲಿಯೂ ಇರಲಿಲ್ಲ, ಹಿಮವೂ ಇರಲಿಲ್ಲ. ಕಾಕಾ ನನ್ನ ಕಡೆ ತಿರುಗಿ ನೋಡಿದರು. ನಾನು ನೆಲ ನೋಡಿದೆ.

ಆಮೇಲೆ ಕಾಕಾ ಸಾಹೇಬರಿಗೆ ಹೇಳಿದರು. ನಿಧಾನವಾಗಿ, ಸ್ಪಷ್ಟವಾಗಿ, ಮರಾಠಿಯಲ್ಲಿ. ಆ ಬೋಲ್ಟು ಹಾಕಿದವನು ನಾನು. ಯಾರನ್ನೂ ಕೇಳದೆ ಹಾಕಿದೆ. ನನ್ನಿಂದ ತಪ್ಪಾಯಿತು. ಇದನ್ನು ಆ ರೈತನಿಗೆ ಹೋಗಿ ಹೇಳಲು ಈ ಗೋರಾನಿಗೆ ಹೇಳಿರಿ. ಬೇರೆ ಏನೂ ಬೇಡ. ಅವನಿಗೆ ಗೊತ್ತಾದರೆ ಸಾಕು.

ಸಾಹೇಬರು ಕಾಕಾನನ್ನು ನೋಡಿದರು. ಹೊಸ ಮಾಲನ್ನು ನೋಡಿದರು. ಗೋರಾ ಕಾಯುತ್ತ ನಿಂತಿದ್ದ. ಸಾಹೇಬರು ನಗುಮುಖ ಮಾಡಿ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದರು. ಗೋರಾ ಕೂಡ ನಕ್ಕ, ಕಾಕಾನ ಹೆಗಲು ತಟ್ಟಿದ, "ಥ್ಯಾಂಕ್ಯೂ, ಥ್ಯಾಂಕ್ಯೂ" ಎಂದ.

ನನಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಸಾರಿ ಎಂಬ ಮಾತು ಗೊತ್ತು. ಬೋಲ್ಟು ಎಂಬ ಮಾತೂ ಗೊತ್ತು. ಸಾಹೇಬರ ಮಾತಿನಲ್ಲಿ ಎರಡೂ ಇರಲಿಲ್ಲ. ತಪ್ಪೊಪ್ಪಿಕೊಂಡವನ ಹೆಗಲು ತಟ್ಟಿ ಯಾರೂ ಥ್ಯಾಂಕ್ಯೂ ಅನ್ನುವುದಿಲ್ಲ.

ಅವರು ಹೋದ ಮೇಲೆ ಕಾಕಾ ನನ್ನ ಹತ್ತಿರ ಬಂದರು. "ನೀ ಕಿವಿ ಕೊಟ್ಟ ಕೇಳಿದ್ಯಲ್ಲ. ಸಾಹೇಬರು ಹೇಳಿದ್ರೇನಲೇ?"

ಊಟದ ಹೊತ್ತು ಮೀರಿತ್ತು. ಗೋರಾ ಇನ್ನೂ ಗೇಟಿನ ಹತ್ತಿರವೇ ಇದ್ದ. ಓಡಿ ಹೋಗಿ ಕೈಸನ್ನೆಯಲ್ಲಾದರೂ ತಿಳಿಸಬಹುದಿತ್ತು. ಹೋದರೆ ಸಾಹೇಬರು ನನ್ನನ್ನು ಸಂಜೆಗೆ ಕೆಲಸ ಬಿಡಿಸಿ ಮನೆಗೆ ಕಳಿಸುತ್ತಿದ್ದರು. ಎಲ್ಲ ಯೋಚನೆ ಮಾಡಿದೆ.

"ಹೇಳ್ಯಾರ್ರಿ ಕಾಕಾ" ಎಂದೆ.

ಅವರು ತಲೆ ಆಡಿಸಿ ಹೋಗಿ ಮೂಲೆಯಲ್ಲಿ ಕೂತರು. ಎಡಗೈಯನ್ನು ಬಿಸಿಲಿಗೆ ಚಾಚಿ ಬಹಳ ಹೊತ್ತು ಕಾಯುತ್ತ ಕೂತರು. ಬಸ್ಸಿಗೆ ಕಾಯುವವರ ಹಾಗೆ.

ಬೆರಳು ಬೆಚ್ಚಗಾಗಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಆಸ್ಪತ್ರೆಯಲ್ಲಿ ಮೂರನ್ನೂ ತೆಗೆದರು. ಕಾಕಾ ಕೆಲಸ ಬಿಟ್ಟು ಪುಣೆ ಹತ್ತಿರದ ಸಾಸವಡದಲ್ಲಿದ್ದ ಮಗಳ ಮನೆಗೆ ಹೋದರು. ಶೆಡ್ಡಿನವರು ಒಂದು ಹಾರ, ಒಂದು ತೆಂಗಿನಕಾಯಿ ಕೊಟ್ಟೆವು. ಬೋಲ್ಟಿನ ಮಾತು ಯಾರೂ ಆಡಲಿಲ್ಲ.

ನಾಲ್ಕೈದು ವರ್ಷ ನಾನು ಹೋಗಲಿಲ್ಲ. ಹೋಗಬೇಕು ಅನ್ನಿಸಿದಾಗೆಲ್ಲ ಏನಾದರೂ ಕೆಲಸ ಬರುತ್ತಿತ್ತು, ಬರದಿದ್ದರೆ ನಾನೇ ತಂದುಕೊಳ್ಳುತ್ತಿದ್ದೆ. ಕೊನೆಗೆ ಕಾಕೂ ಹೇಳಿ ಕಳಿಸಿದರು, ಹೋದೆ. ಕಾಕಾ ಹಾಸಿಗೆ ಹಿಡಿದಿದ್ದರು. ಆ ದಪ್ಪ ಕುತ್ತಿಗೆ ಎಲ್ಲಿ ಹೋಗಿತ್ತೋ. ಮಧ್ಯಾಹ್ನ, ಹೊರಗೆ ಬೆಂಕಿಯಂಥ ಬಿಸಿಲು, ಅವರ ಮೇಲೆ ಎರಡು ಕಂಬಳಿ. ನನ್ನ ಗುರುತು ಹಿಡಿದರು.

"ಬಂದ್ಯಾ? ಇನ್ನೂ ಉಗುಳು ಹಚ್ಚಿ ಅಂಟಸ್ತೀಯೋ, ಬೆಸಗಿ ಹಾಕಾಕ ಕಲತ್ಯೋ?"

"ವೆಲ್ಡಿಂಗ್ ಬಿಟ್ಟೀನ್ರಿ ಕಾಕಾ. ಟ್ರ್ಯಾಕ್ಟರ್ ಓಡಸ್ತೀನಿ."

"ಚೊಲೋ ಆತು. ಜನಾ ಉಳದ್ರು."

ನಕ್ಕೆವು. ಆಮೇಲೆ ಅವರು ಕಂಬಳಿಯೊಳಗಿಂದ ಎಡಗೈ ತೆಗೆದು ನನ್ನ ಕೈಯಲ್ಲಿಟ್ಟರು. ಎರಡೇ ಬೆರಳು, ಉಳಿದ ಕಡೆ ಹೊಲಿಗೆಯ ಗುರುತು. ಹಿಡಿದುಕೊಂಡೆ. ಬೆರಳಿಲ್ಲದ ಜಾಗದಿಂದ ಥಂಡಿ ಬರುತ್ತಿತ್ತು. ಕೈಯಿಂದಲ್ಲ, ಬೆರಳು ಇರಬೇಕಾದ ಆ ಖಾಲಿ ಜಾಗದಿಂದ. ಅಂಗೈ ಮರಗಟ್ಟುವವರೆಗೆ ಹಿಡಿದೇ ಇದ್ದೆ.

"ಅಂವಗ ಗೊತ್ತಾಗಿದ್ರ ಈ ಥಂಡಿ ನನ್ನ ಬಿಡಬೇಕಾಗಿತ್ತಲ್ಲೋ" ಎಂದರು. ದನಿ ಬಹಳ ಸಣ್ಣದಾಗಿತ್ತು. "ಯಾಕ ಬಿಡವಲ್ದು? ತಮ್ಮಾ, ಅವತ್ತ ಸಾಹೇಬ ಖರೇ ಹೇಳಿದ್ನೇನು?"

ಕಾಕೂ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

"ಖರೇನ ಹೇಳ್ಯಾರ್ರಿ ಕಾಕಾ" ಎಂದೆ.

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ನಂಬಲಿಲ್ಲ ಅಂತ ನನಗೆ ಗೊತ್ತಾಯಿತು. ನನಗೆ ಗೊತ್ತಾದದ್ದು ಅವರಿಗೂ ಗೊತ್ತಾಯಿತು. ಆದರೂ ಕೈ ವಾಪಸ್ ತೆಗೆದುಕೊಳ್ಳಲಿಲ್ಲ. "ಹಂ. ಚಹಾ ಕುಡದ ಹೋಗು" ಎಂದರು.

ಅದೇ ವಾರ ತೀರಿಕೊಂಡರು.

ಭೋಸರಿಯ ಆ ಶೆಡ್ಡು ಈಗಿಲ್ಲ. ಸಾಹೇಬರು ಎಲ್ಲಿದ್ದಾರೋ ಗೊತ್ತಿಲ್ಲ. ಆ ರೈತನ ಹೆಸರು ನಾವು ಯಾರೂ ಕೇಳಿರಲಿಲ್ಲ, ದೇಶ ಯಾವುದು ಅಂತಲೂ ಕೇಳಿರಲಿಲ್ಲ. ಕಾಕಾ ಹೇಳಿ ಕಳಿಸಿದ ಮಾತು ಇನ್ನೂ ನನ್ನ ಹತ್ತಿರವೇ ಬಿದ್ದಿದೆ. ಅದನ್ನು ಯಾರಿಗೆ ಕೊಡಬೇಕೋ ಗೊತ್ತಿಲ್ಲ. ಕಾಕಾ ಇದ್ದಾಗ ನಿಜ ಹೇಳಿದ್ದರೆ ಅವರೇ ಹೇಗಾದರೂ ದಾರಿ ಹುಡುಕುತ್ತಿದ್ದರು, ಅಂಥ ಮನುಷ್ಯ. ನಾನು ಹೇಳಲಿಲ್ಲ. ಈಗ ಅವರಿಲ್ಲ.

ಇಷ್ಟೇ. ಮುಂದೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.